ದೇಣಿಗೆ ಕೇಳಿ, ಮಗುವಿನ ಕಣ್ಣೀರು ತೋರಿಸಬೇಡಿ

ಸಹಾಯಾರ್ಥ ಪ್ರದರ್ಶನ ನಮಗೆ ಹೊಸದಲ್ಲ. ಊರಿನ ಶಾಲೆಗೆ ಕೊಠಡಿ ಬೇಕೆಂದರೆ ಕ್ಯಾಂಪ್ ಹಾಕಿದ ನಾಟಕ ಕಂಪನಿಯವರು ಒಂದು ರಾತ್ರಿಯ ಕಲೆಕ್ಷನ್ ಬಿಟ್ಟುಕೊಡುತ್ತಿದ್ದರು. ಊರ ಹಿರಿಯರು ಮನೆಮನೆಗೆ ಹೋಗಿ ಟಿಕೆಟ್ ಮಾರುತ್ತಿದ್ದರು. ಜನ ನಾಟಕ ನೋಡಿ ಖುಷಿಪಟ್ಟು ಮನೆಗೆ ಹೋದರೆ ಶಾಲೆಯ ಮಾಡಿಗೆ ಹೆಂಚು ಬರುತ್ತಿತ್ತು. ಆ ರಾತ್ರಿ ರಂಗದ ಮೇಲೆ ಭೀಮ ಇರುತ್ತಿದ್ದ, ದುರ್ಯೋಧನ ಇರುತ್ತಿದ್ದ. ಶಾಲೆಯ ಬಡ ಹುಡುಗನನ್ನು ಕರೆತಂದು ದೀಪದ ಕೆಳಗೆ ನಿಲ್ಲಿಸಿ, ಇವನ ಕಷ್ಟ ನೋಡಿ ಎಂದು ಯಾರೂ ಕೇಳುತ್ತಿರಲಿಲ್ಲ.

ಈಗಿನ ಸಹಾಯಾರ್ಥ ಸಂಜೆಗಳಿಗೆ ಕ್ಯಾಮೆರಾ ಬಂದಿದೆ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಸಭಾಂಗಣಗಳಲ್ಲಿ ನಡೆಯುವ ಕಾರ್ಯಕ್ರಮ ಅದೇ ಹೊತ್ತಿಗೆ ಟಿವಿಯಲ್ಲೋ ಯೂಟ್ಯೂಬಿನಲ್ಲೋ ನೇರಪ್ರಸಾರವಾಗುತ್ತದೆ. ಮೊದಲು ಹಾಡು, ಆಮೇಲೆ ನೃತ್ಯ, ನಡುವೆ ಥರ್ಮೋಕೋಲಿನ ದೊಡ್ಡ ಚೆಕ್ ಹಿಡಿದು ಫೋಟೊ. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್. ಅಷ್ಟಾದ ಮೇಲೆ ದೀಪ ಮಂದವಾಗುತ್ತದೆ, ಕೊಳಲಿನ ದನಿಯೊಂದಿಗೆ ವಿಡಿಯೊ ಶುರುವಾಗುತ್ತದೆ. ಇಂಥದ್ದೇ ಒಂದು ಸಂಜೆ ಹತ್ತು ವರ್ಷದ ಹುಡುಗಿಯೊಬ್ಬಳನ್ನು ವೇದಿಕೆಗೆ ಕರೆದರು. ಹೊಸ ಲಂಗ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. "ಅಪ್ಪ ಏನ್ ಮಾಡ್ತಾರೆ ಪುಟ್ಟಾ?" ಎಂದು ನಿರೂಪಕಿ ಕೇಳಿದರು. ಹುಡುಗಿ "ಇಲ್ಲ" ಎಂದಳು. "ಇಲ್ಲ ಅಂದ್ರೆ?" ಎಂದು ಮತ್ತೆ ಕೇಳಿದರು. ಕ್ಯಾಮೆರಾದವರು ಇನ್ನೂ ಹತ್ತಿರ ಬಂದರು. ಅವಳು ಉತ್ತರ ಕೊಡದೆ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ಸಭಿಕರು ಕಣ್ಣೊರೆಸಿಕೊಂಡರು, ಮೊಬೈಲ್‌ಗಳು ಕ್ಯೂಆರ್ ಕೋಡ್‌ನತ್ತ ತಿರುಗಿದವು.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಸಂಘಟಕರು ನಿಜವಾಗಿ ಮಕ್ಕಳಿಗಾಗಿ ದುಡಿಯುವವರು, ಕೊಟ್ಟವರು ಮನಸಾರೆ ಕೊಟ್ಟರು. ಆದರೂ ಆ ಪ್ರಶ್ನೆ ತಪ್ಪು. ಮಗುವಿಗೆ ಊಟ, ಪಾಠ, ಚಿಕಿತ್ಸೆ ಸಿಗಬೇಕಾದದ್ದು ಅದು ಮಗು ಎಂಬ ಒಂದೇ ಕಾರಣಕ್ಕೆ. ಅದಕ್ಕಾಗಿ ಅವಳು ಸಾವಿರ ಜನರೆದುರು ತನ್ನ ಮನೆಯ ದುಃಖ ಬಿಚ್ಚಿಡಬೇಕಾಗಿ ಬರಬಾರದು.

ಈ ಬಗೆಯ ಕಾರ್ಯಕ್ರಮ ಹುಟ್ಟಿ ಬೆಳೆದ ದೇಶಗಳು ಈ ಪಾಠವನ್ನು ನಿಧಾನವಾಗಿ ಕಲಿತಿವೆ. ಅಮೆರಿಕದಲ್ಲಿ ಹಾಸ್ಯನಟ ಜೆರ್ರಿ ಲೂಯಿಸ್ 1966ರಿಂದ 2010ರವರೆಗೆ ವರ್ಷಕ್ಕೊಮ್ಮೆ, ಕಾರ್ಮಿಕ ದಿನದ ರಜೆಯಲ್ಲಿ, ಸ್ನಾಯುಕ್ಷಯದ ಮಕ್ಕಳಿಗಾಗಿ ಗಂಟೆಗಟ್ಟಲೆ ಟಿವಿ ಕಾರ್ಯಕ್ರಮ ನಡೆಸಿದರು. ಅದರಿಂದ ಒಟ್ಟು 200 ಕೋಟಿ ಡಾಲರ್‌ಗೂ ಹೆಚ್ಚು ಹಣ ಬಂತು. ಸಂಶೋಧನೆಗೆ, ಚಿಕಿತ್ಸೆಗೆ ನೆರವಾಯಿತು. ಆದರೆ ಅದನ್ನು ಅತಿ ಗಟ್ಟಿಯಾಗಿ ಪ್ರಶ್ನಿಸಿದವರು ಅದೇ ಕಾಯಿಲೆಯ ಗುಂಪಿಗೆ ಸೇರಿದವರು. ಇವಾನ್ ಕೆಂಪ್ ಎಂಬ ವಕೀಲರಿಗೆ ಸ್ವತಃ ಸ್ನಾಯುದೌರ್ಬಲ್ಯವಿತ್ತು. ಈ ಕಾರ್ಯಕ್ರಮ ಅಂಗವಿಕಲರನ್ನು ಕರುಣೆಯ ವಸ್ತುವಾಗಿ, ಎಂದೂ ದೊಡ್ಡವರಾಗದ ಮಕ್ಕಳಾಗಿ ತೋರಿಸುತ್ತಿದೆ ಎಂದು ಅವರು 1981ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಮುಂದೆ ಅವರು ಉದ್ಯೋಗದಲ್ಲಿ ಸಮಾನ ಅವಕಾಶ ಕಾಯುವ ಅಮೆರಿಕದ ಆಯೋಗದ ಅಧ್ಯಕ್ಷರಾದರು. ಹಿಂದೆ ಲೂಯಿಸ್ ಹಣ ಎತ್ತುತ್ತಿದ್ದ ಇದೇ ನಿಧಿಯ ಪೋಸ್ಟರ್‌ಗಳಲ್ಲಿ ಮಕ್ಕಳಾಗಿ ಕಾಣಿಸಿಕೊಂಡಿದ್ದ ಒಬ್ಬ ಸಹೋದರ–ಸಹೋದರಿ ಬೆಳೆದ ಮೇಲೆ ಅದರ ವಿರುದ್ಧವೇ ಬೀದಿಗಿಳಿದರು. ಅಂದು ವೇದಿಕೆಯಲ್ಲಿ ನಿಂತ ಮಗು ಮುಂದೆ ದೊಡ್ಡದಾಗುತ್ತದೆ, ತನ್ನ ಅಭಿಪ್ರಾಯ ಹೇಳುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಬ್ರಿಟನ್ನಿನ ಬಿಬಿಸಿ 1980ರಿಂದ 'ಚಿಲ್ಡ್ರನ್ ಇನ್ ನೀಡ್' ನಡೆಸುತ್ತಿದೆ. ಮೊದಲ ವರ್ಷವೇ ಸುಮಾರು 10 ಲಕ್ಷ ಪೌಂಡ್ ಬಂದಿತ್ತು. ಹಣ ದೇಶದ ಮೂಲೆಮೂಲೆಯ ಸಣ್ಣ ಸಂಸ್ಥೆಗಳಿಗೆ ಅನುದಾನವಾಗಿ ಹೋಗುತ್ತದೆ. ಅಲ್ಲಿಯದೇ ಇನ್ನೊಂದು ನಿಧಿ 'ಕಾಮಿಕ್ ರಿಲೀಫ್' ತಾರೆಯರನ್ನು ಆಫ್ರಿಕಾಕ್ಕೆ ಕಳಿಸಿ, ಬಡ ಮಕ್ಕಳನ್ನು ಎತ್ತಿಕೊಂಡ ಚಿತ್ರ ತೋರಿಸಿ ಹಣ ಕೇಳುತ್ತಿತ್ತು. ಟೀಕೆ ಬಲವಾದಾಗ 2020ರಲ್ಲಿ ಆ ಪದ್ಧತಿ ಕೈಬಿಟ್ಟು, ಇನ್ನು ಮುಂದೆ ಆಯಾ ದೇಶದ ಚಿತ್ರ ನಿರ್ಮಾಪಕರೇ ತಮ್ಮ ಕಥೆ ಹೇಳಲಿ ಎಂದು ತೀರ್ಮಾನಿಸಿತು. ದೇಣಿಗೆಯ ರಾತ್ರಿಯನ್ನು ನಿಲ್ಲಿಸದೆಯೇ ತಿದ್ದಿಕೊಳ್ಳಬಹುದು.

"ಮುಖ ಕಾಣದಿದ್ದರೆ ಯಾರ ಮನಸ್ಸೂ ಕರಗುವುದಿಲ್ಲ, ನಮಗೆ ತಿಂಗಳ ಬಾಡಿಗೆ ಕಟ್ಟಬೇಕು, ಶಿಕ್ಷಕರಿಗೆ ಸಂಬಳ ಕೊಡಬೇಕು" ಎಂದು ಸಂಘಟಕರು ಹೇಳುತ್ತಾರೆ. ಅವರ ಕಷ್ಟ ನಿಜ. ಕಟ್ಟಡಕ್ಕೆ ಹೆಸರು ಕೆತ್ತಿಸಿಕೊಂಡು ಕೊಡುವವರಿದ್ದಾರೆ, ಅಡುಗೆಯವರ ಸಂಬಳಕ್ಕೆ ಕೊಡುವವರು ಕಡಿಮೆ. ಆದರೆ ಮಕ್ಕಳ ಪಾಲಿಗೆ ನಮ್ಮ ನಾಡಿನಲ್ಲಿ ಆದ ದೊಡ್ಡ ಕೆಲಸಗಳು ಕಣ್ಣೀರಿನ ಬಲದಿಂದ ನಿಂತವಲ್ಲ. 2000ದ ಜೂನ್‌ನಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಅಕ್ಷಯ ಪಾತ್ರೆ ಶುರುವಾಯಿತು. ಕನಕಪುರ ರಸ್ತೆಯ ಬಳಿಯ ವಸಂತಪುರದಲ್ಲೂ ಅದರ ಅಡುಗೆಮನೆಯಿದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು ಆದೇಶಿಸಿತು. ಮರುವರ್ಷ ಕರ್ನಾಟಕದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಬಂತು, 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಹೆಚ್ಚು ಕೊಡಲು ಒಪ್ಪಿದ ಮೇಲೆ ಶಾಲೆಯ ಮೊಟ್ಟೆ ವಾರಕ್ಕೆ ಆರು ದಿನಕ್ಕೇರಿತು.

ಆ ಮೊಟ್ಟೆ ಮಗುವಿನ ತಟ್ಟೆಗೆ ಬೀಳುವ ಬಗೆ ನೋಡಿ. ಮಧ್ಯಾಹ್ನ ಗಂಟೆ ಹೊಡೆಯುತ್ತದೆ, ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ, ಅಡುಗೆಯ ಅಕ್ಕ ಅನ್ನ ಸಾರು ಬಡಿಸಿ ಮೊಟ್ಟೆ ಇಡುತ್ತಾರೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಸಿಗುತ್ತದೆ. ಅಪ್ಪ ಏನು ಮಾಡುತ್ತಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೊಟ್ಟವರು ಯಾರೆಂದು ಮಗುವಿಗೂ ಗೊತ್ತಿರಬೇಕಾಗಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ನಾವು, ಪಡೆಯುವವರ ಮಾನದ ಬಗ್ಗೆಯೂ ಅಷ್ಟೇ ಎಚ್ಚರದಿಂದ ಇರಬೇಕು.

ಕಾನೂನೂ ಈ ಎಚ್ಚರವನ್ನು ಹೇಳಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಕುರಿತ ವಿಚಾರಣೆ, ತನಿಖೆಯ ವರದಿಗಳಲ್ಲಿ ಅದರ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಮಾಧ್ಯಮಗಳು ಬಯಲು ಮಾಡುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸುದ್ದಿಯಲ್ಲಿ ಮುಚ್ಚಿಡಬೇಕಾದ ಮುಖವನ್ನು ದೇಣಿಗೆಗಾಗಿ ವೇದಿಕೆಯಲ್ಲಿ ತೋರಿಸುವುದು ಯಾವ ನ್ಯಾಯ? ಅದೂ ಅಲ್ಲದೆ, ಇಂದಿನ ವಿಡಿಯೊ ಆ ರಾತ್ರಿ ಮುಗಿದ ಮೇಲೂ ಉಳಿಯುತ್ತದೆ. ಆ ಹುಡುಗಿ ಕಾಲೇಜು ಸೇರಿದಾಗ, ಕೆಲಸ ಹುಡುಕುವಾಗ, ಯಾರೋ ಅದನ್ನು ಮತ್ತೆ ತೆಗೆದು ನೋಡಬಹುದು.

ಹಾಗಾದರೆ ಟಿವಿಯಲ್ಲಿ ಏನು ತೋರಿಸಬೇಕು? ಕೆಲಸ ತೋರಿಸಿ. ಜೆ.ಪಿ. ನಗರದ ರಮಣ ಮಹರ್ಷಿ ಅಂಧರ ಶಾಲೆ 1969ರಿಂದ ನಡೆಯುತ್ತಿದೆ. ಅಲ್ಲಿಯ ಮಕ್ಕಳ ಭರತನಾಟ್ಯಕ್ಕೆ ಒಳ್ಳೆಯ ಹೆಸರಿದೆ. ಇಂಥ ಮಕ್ಕಳು ವೇದಿಕೆಗೆ ಕಲಾವಿದರಾಗಿಯೇ ಬರಲಿ, ಚಪ್ಪಾಳೆ ಅವರ ಹೆಜ್ಜೆಗೆ ಬೀಳಲಿ. ಗುರುಗಳು ಕೈಹಿಡಿದು ಮುದ್ರೆ ಕಲಿಸುವುದನ್ನು ಕ್ಯಾಮೆರಾ ತೋರಿಸಲಿ. ಬ್ರೈಲ್ ಪುಸ್ತಕಕ್ಕೆ ಎಷ್ಟು ಖರ್ಚು, ಹಾಸ್ಟೆಲ್ ನಡೆಸಲು ತಿಂಗಳಿಗೆಷ್ಟು ಬೇಕು ಎಂದು ಶಾಲೆಯವರೇ ಬಂದು ಹೇಳಲಿ. ಹೊಸೂರು ರಸ್ತೆಯ ಆಸುಪಾಸಿನಲ್ಲಿ ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ. ದೂರದ ಜಿಲ್ಲೆಗಳಿಂದ ಮಕ್ಕಳನ್ನು ಕರೆತಂದ ತಂದೆ ತಾಯಂದಿರಿಗೆ ಔಷಧದಷ್ಟೇ ಚಿಂತೆ ತಂಗುವ ಜಾಗ, ಬಸ್ ಚಾರ್ಜು ಮತ್ತು ತಪ್ಪಿಹೋದ ಕೂಲಿಯದು. ಈ ಲೆಕ್ಕವನ್ನು ವೈದ್ಯರೋ ಸಮಾಜ ಕಾರ್ಯಕರ್ತರೋ ಐದು ನಿಮಿಷ ಬಿಡಿಸಿ ಹೇಳಿದರೆ ದಕ್ಷಿಣ ಬೆಂಗಳೂರಿನ ಜನರಿಗೆ ಅರ್ಥವಾಗುತ್ತದೆ. ಗಣೇಶೋತ್ಸವಕ್ಕೆ, ರಾಮನವಮಿ ಸಂಗೀತಕ್ಕೆ ವರ್ಷವರ್ಷವೂ ವಂತಿಗೆ ಎತ್ತಿ, ಪೈಸೆ ಪೈಸೆಯ ಲೆಕ್ಕ ಓದಿ ಹೇಳುವ ಬಡಾವಣೆಗಳಿವು.

ಇನ್ನೊಂದು ಮಾತು ಕೊಡುವವರಿಗೆ. ಭಾವುಕ ಕ್ಷಣದಲ್ಲಿ ಒಮ್ಮೆ ಕೊಟ್ಟ ಐದು ಸಾವಿರಕ್ಕಿಂತ ಪ್ರತಿ ತಿಂಗಳು ತಪ್ಪದೆ ಹೋಗುವ ಐನೂರು ಸಂಸ್ಥೆಗೆ ಹೆಚ್ಚು ಧೈರ್ಯ ಕೊಡುತ್ತದೆ. ಮಗುವಿಗೆ ಹಸಿವು ನಾಳೆಯೂ ಇರುತ್ತದೆ, ಫೀಸು ಮುಂದಿನ ಜೂನ್‌ಗೂ ಇರುತ್ತದೆ. ಹಣ ಮಾತ್ರ ಸಾಲದು, ಮಾಹಿತಿಯನ್ನೂ ದಾಟಿಸಿ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ, ತಂದೆಯಿಲ್ಲದ ಅಥವಾ ಅನಾಥ ಮಗು ತನ್ನವರ ಮನೆಯಲ್ಲೇ ಬೆಳೆಯಲು ಅರ್ಹತೆಯ ಮೇಲೆ ತಿಂಗಳಿಗೆ 4,000 ರೂಪಾಯಿ ಸಿಗಲು ಅವಕಾಶವಿದೆ. ನಿಮ್ಮ ಮನೆಗೆಲಸಕ್ಕೆ ಬರುವ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಇದು ಗೊತ್ತೇ ಎಂದು ವಿಚಾರಿಸಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆದುಕೊಡಿ. ಕಷ್ಟದಲ್ಲಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನಮ್ಮ ದಾನ ಹಕ್ಕಿನ ಜಾಗದಲ್ಲಿ ಕೂರಬಾರದು, ಹಕ್ಕು ತಲುಪುವವರೆಗೆ ಊರುಗೋಲಾಗಬೇಕು.

ಮುಂದಿನ ಸಲ ಇಂಥ ಕಾರ್ಯಕ್ರಮಕ್ಕೆ ನಿಮ್ಮನ್ನು ಕರೆದಾಗ ಎರಡು ಪ್ರಶ್ನೆ ಕೇಳಿ. ಮಕ್ಕಳಿಂದ ಅವರ ಕಷ್ಟ ಹೇಳಿಸುತ್ತೀರಾ? ಹೋದ ವರ್ಷ ಬಂದ ಹಣದ ಲೆಕ್ಕ ಎಲ್ಲಿದೆ? ಮೊದಲನೆಯದಕ್ಕೆ ಇಲ್ಲ ಎಂದೂ, ಎರಡನೆಯದಕ್ಕೆ ಇಗೋ ಎಂದೂ ಉತ್ತರ ಬಂದರೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಕೊಡಿ. ಬರದಿದ್ದರೆ ಬದಲಾಯಿಸಿ ಎಂದು ನೇರವಾಗಿ ಹೇಳಿ. ಕೊಡುವವರು ಕೇಳಿದರೆ ಸಂಘಟಕರು ಬದಲಾಗುತ್ತಾರೆ, ವಾಹಿನಿಗಳೂ ಬದಲಾಗುತ್ತವೆ.