ಬರೆದದ್ದನ್ನು ಕೊಡುವುದಷ್ಟೇ ಸಿಸ್ಟರ್ ಕೆಲಸವೇ?

ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಜನರ ಬಾಯಲ್ಲಿ ದೊಡ್ಡಾಸ್ಪತ್ರೆ. ನಗರದವರಲ್ಲದೆ ಹೆಗ್ಗಡದೇವನಕೋಟೆ, ಚಾಮರಾಜನಗರ, ಮಂಡ್ಯದ ಕಡೆಯವರೂ ಅಲ್ಲಿಗೆ ಬರುತ್ತಾರೆ. ಯಾವ ಆಸ್ಪತ್ರೆಯಲ್ಲಾದರೂ ಒಳರೋಗಿಗೆ ಡಾಕ್ಟರು ಸಿಗುವುದು ರೌಂಡ್ಸ್ ಹೊತ್ತಿನಲ್ಲಿ; ಉಳಿದ ಹಗಲು ರಾತ್ರಿಯೆಲ್ಲ ಕೂಗಿದರೆ ಬರುವವರು ಸಿಸ್ಟರ್. ಹೀಗಿದ್ದೂ, ಚೀಟಿಯಲ್ಲಿ ಬರೆದದ್ದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ನರ್ಸ್ ಕೆಲಸ ಮುಗಿಯಿತು ಎನ್ನುವವರು ಬಹಳ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ಸುಲಿನ್ನನ್ನೇ ನೋಡಿ. ನಮ್ಮಲ್ಲಿ ಅದರ ಸೀಸೆ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. 100 ಯೂನಿಟ್‌ನದೂ ಸಿಗುತ್ತದೆ. ಸಿರಿಂಜೂ ಬೇರೆ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 50 ಯೂನಿಟ್. ಚೀಟಿಯಲ್ಲಿದ್ದದ್ದು 20, ಎಳೆದದ್ದೂ 20ರ ಗೆರೆಗೇ. ಬರೆದಂತೆಯೇ ನಡೆದುಕೊಂಡರೂ ರೋಗಿಯ ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಮಾತ್ರೆಯ ಗುಣ ಗೊತ್ತಿದ್ದರಷ್ಟೇ ಸಾಲದು, ಎದುರಿಗಿರುವ ಮೈಯನ್ನು ಓದಲೂ ಬರಬೇಕು. ಹೃದಯದ ಡಿಗಾಕ್ಸಿನ್ ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆಯಿದ್ದರೆ ಕೈ ತಡೆದು ಡಾಕ್ಟರಿಗೆ ತಿಳಿಸಬೇಕು. ಏಕಾದಶಿಯೆಂದು ಉಪವಾಸವಿರುವ ಅಜ್ಜಿಗೆ, ರಂಜಾನ್ ರೋಜಾ ಹಿಡಿದವರಿಗೆ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ಎಂದಿನಂತೆ ಕೊಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬಿ.ಪಿ.ಗೆ ಅಟೆನೊಲಾಲ್ ನುಂಗುತ್ತಿದ್ದರಂತೂ ಸಕ್ಕರೆ ಇಳಿದಾಗಿನ ನಡುಕ, ಎದೆಬಡಿತ ಮರೆಯಾಗಿ ಬೆವರೊಂದೇ ಸುಳಿವು ಕೊಡಬಹುದು. ಆ ಬೆವರನ್ನು ಸೆಕೆಯೆಂದು ತಿಳಿಯುವ ನರ್ಸ್‌ಗೂ, ಕೂಡಲೇ ಗ್ಲೂಕೋಮೀಟರ್ ತರುವ ನರ್ಸ್‌ಗೂ ಇರುವ ಅಂತರದಲ್ಲಿ ಒಂದು ಜೀವವಿದೆ.

ಸಿಸ್ಟರ್‌ಗಳೆಲ್ಲ ಹೀಗೆ ಕೈ ತಡೆದು ಪ್ರಶ್ನೆ ಕೇಳತೊಡಗಿದರೆ ವಾರ್ಡ್ ನಡೆಯುವುದು ಹೇಗೆ, ಕೊನೆಗೆ ಹೊಣೆ ಡಾಕ್ಟರದೇ ಅಲ್ಲವೇ ಎನ್ನುತ್ತಾರೆ. ಈ ಅಂಜಿಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ನಾನು ಕೇಳುತ್ತಿರುವುದು ಔಷಧ ಬದಲಿಸುವ ಅಧಿಕಾರವನ್ನಲ್ಲ. ಸಂಶಯ ಬಂದಾಗ ನಿಂತು ಕೇಳುವ ಹಕ್ಕನ್ನು. ಕೇಳಿದವರನ್ನು ಎಲ್ಲರೆದುರು ಗದರಿಸುವ ಕಡೆ ಎಷ್ಟು ಓದಿದವರೂ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತಾರೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ ಆಸ್ಪತ್ರೆಯಲ್ಲಿ ವಾಸಿಯಾಗುವಂಥವಲ್ಲ, ರೋಗಿಯ ಜೊತೆ ಮನೆಗೆ ಬರುತ್ತವೆ. ಸೂಜಿ ಎಲ್ಲಿ ಚುಚ್ಚಬೇಕು, ಇನ್‌ಹೇಲರ್ ಎಳೆದ ಮೇಲೆ ಉಸಿರನ್ನು ಎಷ್ಟು ಹೊತ್ತು ಹಿಡಿಯಬೇಕು, ಅಂಗಾಲಿನ ಗಾಯವನ್ನು ದಿನವೂ ಏಕೆ ನೋಡಿಕೊಳ್ಳಬೇಕು ಎಂಬುದನ್ನು ರೋಗಿಯ ಮಾತಿನಲ್ಲೇ ಹೇಳಬಲ್ಲವರು ಸಿಸ್ಟರ್. ಆದರೆ ಒಬ್ಬರ ಕೈಗೆ ವಾರ್ಡಿನ ತುಂಬ ರೋಗಿಗಳನ್ನು ಒಪ್ಪಿಸಿ, ರಿಜಿಸ್ಟರ್ ತುಂಬುವ ಕೆಲಸವನ್ನೂ ಹೊರಿಸಿದರೆ ಹೇಳಲು ಹೊತ್ತೆಲ್ಲಿ? ತಿಳಿವಳಿಕೆ ಸಾಲದೆಂದು ನರ್ಸ್‌ಗಳನ್ನು ದೂರುವ ಮೊದಲು ಆಡಳಿತದವರು ಈ ಲೆಕ್ಕ ನೋಡಬೇಕು. ಡಿಸ್ಚಾರ್ಜ್ ದಿನದ ತಿಳಿಹೇಳಿಕೆಯನ್ನು ಇಂಜೆಕ್ಷನ್ನಿನಂತೆಯೇ ಡ್ಯೂಟಿಯ ಕೆಲಸವೆಂದು ಕೇಸ್ ಶೀಟಿನಲ್ಲಿ ದಾಖಲಿಸಲಿ, ಅದಕ್ಕೆ ಬೇಕಾದಷ್ಟು ಜನರನ್ನು ನೇಮಿಸಲಿ.