ದುಡಿದ ಕೈಗಳ ಋಣ



ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ನಾವು ಸಭೆಗಳಲ್ಲಿ ಜೊತೆಜೊತೆಯಾಗಿಯೇ ಉಚ್ಚರಿಸುತ್ತೇವೆ. ಆದರೆ ಆಚರಣೆಗೆ ಬಂದಾಗ ಕಾಯಕವನ್ನು ಪರರಿಗೆ ಬೋಧಿಸುತ್ತೇವೆ. ದಾಸೋಹವನ್ನು ಜಾತ್ರೆಯ ಪ್ರಸಾದಕ್ಕೆ ಸೀಮಿತಗೊಳಿಸುತ್ತೇವೆ. ಇವೆರಡರ ನಡುವಣ ಸಂಬಂಧವೇನೆಂಬುದನ್ನು ಕಳೆದ ತಿಂಗಳ ಒಂದು ವಾರದ ಕೆಲಸವು ನನಗೆ ಮತ್ತೊಮ್ಮೆ ಮನಗಾಣಿಸಿತು. ನಮ್ಮ ಮಠದ ಆವರಣದಲ್ಲಿ ವೃದ್ಧರ ಅರ್ಜಿ ಅಹವಾಲುಗಳನ್ನು ಬರೆದುಕೊಡುವ ವ್ಯವಸ್ಥೆಯಿದೆ. ಸೋಮವಾರದಿಂದ ಶನಿವಾರದವರೆಗೆ ಅಲ್ಲಿ ಕುಳಿತುಕೊಳ್ಳುವ ಸರದಿ ನನ್ನದಾಗಿತ್ತು.

ಬಂದವರಲ್ಲಿ ಬಹುಮಂದಿ ಮಾಸಾಶನದ ವಿಷಯವಾಗಿ ಬಂದವರು. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವು 1995ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಅದರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80 ತುಂಬಿದವರಿಗೆ 500 ರೂಪಾಯಿ. ಉಳಿದುದನ್ನು ರಾಜ್ಯ ಸರ್ಕಾರವು ಕೂಡಿಸಿ ಕೊಡುತ್ತದೆ. ನಮ್ಮ ರಾಜ್ಯವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮೊದಲಾದವರಿಗೆ ಮೀಸಲಾದುದು. ಈ ಹೆಸರುಗಳನ್ನು ಗಮನಿಸಿರಿ. ಇವರೆಲ್ಲರೂ ಮೈಮುರಿದು ದುಡಿದವರು. ನಿವೃತ್ತಿ ವೇತನವಿಲ್ಲದ ಕಾಯಕಜೀವಿಗಳು.

ಮಂಗಳವಾರ ಬಂದ ತಾಯಿಯೊಬ್ಬರು ಆಯುಷ್ಯವಿಡೀ ಗಾರೆ ಕೆಲಸಕ್ಕೆ ಕಲ್ಲು ಮಣ್ಣು ಹೊತ್ತವರು. ಅವರ ಬೆರಳಿನ ಗೆರೆಗಳು ಸವೆದುಹೋಗಿವೆ. ಆದುದರಿಂದ ನ್ಯಾಯಬೆಲೆ ಅಂಗಡಿಯ ಯಂತ್ರವು ಅವರನ್ನು ಗುರುತಿಸಲಿಲ್ಲ. ಮಾಸಾಶನದ ಹಣ ತೆಗೆಯಲು ಹೋದಾಗಲೂ ಅದೇ ಗತಿ. “ನಾನು ನಾನೇ ಅಂತ ಇನ್ನೇನು ತೋರಿಸಲಿ, ಬುದ್ಧೀ?” ಎಂದು ಅವರು ಕೇಳಿದರು. ಯಾವ ಕಾಯಕವು ಅವರನ್ನು ನೆರವಿಗೆ ಅರ್ಹರನ್ನಾಗಿಸಿತೋ ಅದೇ ಕಾಯಕವು ಅವರ ಗುರುತನ್ನು ಅಳಿಸಿತ್ತು. ಬೆರಳಚ್ಚು ತಾಳೆಯಾಗದ ಮಾತ್ರಕ್ಕೆ ಅರ್ಹರನ್ನು ಸೌಲಭ್ಯದಿಂದ ವಂಚಿತರನ್ನಾಗಿಸಬಾರದು ಎಂಬ ಆಶಯವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿಯೇ ವ್ಯಕ್ತಪಡಿಸಿದೆ. ಕಣ್ಣಿನ ಪಾಪೆಯ ಗುರುತು, ಮೊಬೈಲಿಗೆ ಬರುವ ಸಂಖ್ಯೆ ಮುಂತಾದ ಬೇರೆ ದಾರಿಗಳೂ ಇವೆ. ಆ ತಾಯಿಗೆ ಇವನ್ನು ಹೇಳಿದವರಿರಲಿಲ್ಲ. ತಹಶೀಲ್ದಾರರಿಗೆ ಅರ್ಜಿ ಬರೆದು, ಬ್ಯಾಂಕಿನ ಶಾಖೆಗೆ ಪಾಸ್‌ಬುಕ್ಕಿನೊಡನೆ ನಮ್ಮ ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಕಳುಹಿಸಿದೆವು. ಶುಕ್ರವಾರ ಹಣ ಕೈಗೆ ಬಂದಿತು. ಮೂರು ತಿಂಗಳ ಸಂಕಟ ನೀಗಲು ಬೇಕಾದುದು ಒಬ್ಬ ಜೊತೆಗಾರ ಮಾತ್ರ.

“ಸರ್ಕಾರ ಪುಕ್ಕಟೆ ಹಣ ಹಂಚಿ ಜನರನ್ನು ಸೋಮಾರಿಗಳನ್ನಾಗಿಸುತ್ತಿದೆ, ಇದು ಕಾಯಕತತ್ವಕ್ಕೆ ವಿರೋಧ” ಎಂದು ನಮ್ಮವರೇ ಕೆಲವರು ವಾದಿಸುವುದುಂಟು. ದುಡಿಯಬಲ್ಲವನು ದುಡಿಯದೆ ಉಣ್ಣಬಾರದೆಂಬುದು ನಿಜ. ಆದರೆ ಎಪ್ಪತ್ತು ವರ್ಷದ ಬಾಗಿದ ಬೆನ್ನಿಗೆ ಈ ಮಾತನ್ನು ಹೇಳುವುದು ಕಾಯಕತತ್ವವಲ್ಲ, ನಿರ್ದಯೆ. ದಾನದಲ್ಲಿ ಕೊಟ್ಟೆನೆಂಬ ಹಮ್ಮು ಇರಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಏಕೆಂದರೆ ಸಮಾಜದಿಂದ ಪಡೆದುದನ್ನೇ ಸಮಾಜಕ್ಕೆ ಮರಳಿಸುವ ವಿನಯ ಅದು. ನಾವು ವಾಸಿಸುವ ಮನೆಯ ಗೋಡೆಗೆ ಕಲ್ಲು ಹೊತ್ತವರಿಗೆ ಸಲ್ಲುವ ಮಾಸಾಶನವು ಭಿಕ್ಷೆಯಲ್ಲ, ಋಣಸಂದಾಯ.

ಆದರೆ ಸರ್ಕಾರವು ಕೊಡುತ್ತದೆಂದು ಮಕ್ಕಳು ಕೈತೊಳೆದುಕೊಳ್ಳುವಂತಿಲ್ಲ. ಗುರುವಾರ ಬಂದ ಹಿರಿಯ ದಂಪತಿಗಳು ಇದ್ದ ಹೊಲವನ್ನೆಲ್ಲ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಈಗ ಎರಡು ಹೊತ್ತಿನ ರೊಟ್ಟಿಗೂ ಸೊಸೆಯ ಮುಖ ನೋಡಬೇಕಾಗಿದೆ. 2007ರ ತಂದೆ ತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣಾ ಕಾಯ್ದೆಯಂತೆ ಇಂಥವರು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ದೊರೆಯಬಹುದು; ಅರ್ಜಿಯನ್ನು ಸಾಮಾನ್ಯವಾಗಿ 90 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಪೋಷಿಸಬೇಕೆಂಬ ಷರತ್ತಿನೊಡನೆ ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ಅದನ್ನು ಮೀರಿದರೆ, ಆ ವರ್ಗಾವಣೆಯನ್ನೇ ರದ್ದುಗೊಳಿಸಲು 23ನೆಯ ಕಲಮು ಅವಕಾಶವೀಯುತ್ತದೆ. ಈ ದಂಪತಿಗಳ ಪತ್ರದಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. “ಹೆತ್ತ ಮಗನಿಗೆ ಷರತ್ತು ಹಾಕಲಾಗುತ್ತದೆಯೇ?” ಎಂದರು ಆ ಹಿರಿಯರು. ಜೀವನಾಂಶದ ಅರ್ಜಿಗೂ ಸಹಿ ಹಾಕಲು ಒಪ್ಪದೆ ಹಿಂದಿರುಗಿದರು. ಕಾನೂನು ಎಷ್ಟೇ ಬಲವಾಗಿದ್ದರೂ ತಾಯ್ತಂದೆಗಳ ಮಮತೆಯನ್ನು ದಾಟಿ ಮನೆಯೊಳಕ್ಕೆ ಬರಲಾರದು. ಅಲ್ಲಿ ಕೆಲಸ ಮಾಡಬೇಕಾದುದು ಸಂಸ್ಕಾರವೇ.

ಆದುದರಿಂದ ಈ ಪತ್ರಿಕೆಯನ್ನೋದುವ ಕುಟುಂಬಗಳಲ್ಲಿ ನನ್ನ ಬಿನ್ನಹವಿಷ್ಟು. ಆಸ್ತಿಪತ್ರ ಬರೆಯುವಾಗ ಹಿರಿಯರ ಪೋಷಣೆಯ ಮಾತನ್ನು ಮಕ್ಕಳೇ ಮುಂದಾಗಿ ಬರೆಸಲಿ. ಅದು ಅಪನಂಬಿಕೆಯಲ್ಲ, ಮರ್ಯಾದೆ. ನಿಮ್ಮ ಓಣಿಯಲ್ಲಿ ಒಂಟಿಯಾಗಿರುವ ವೃದ್ಧರ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಅವರ ಒಪ್ಪಿಗೆ ಪಡೆದು ಓದಿ ಹೇಳಿರಿ. ಅವರು ಯಾವ ಜಾತಿಯವರೆಂದು ಕೇಳದಿರಿ. ಕಾಲೇಜಿಗೆ ಹೋಗುವ ಮಕ್ಕಳನ್ನು ಅವರೊಡನೆ ಬ್ಯಾಂಕಿಗೆ, ಕಚೇರಿಗೆ ಕಳುಹಿಸಿರಿ. ಅರ್ಧ ದಿನದ ಈ ಕೆಲಸಕ್ಕೆ ಹಣ ಬೇಕಿಲ್ಲ. ದಾಸೋಹವು ಮನೆಮನೆಯಲ್ಲಿ ನಡೆಯಬಲ್ಲ ಬಗೆ ಇದು.