ಗುಳಿಗೆ ಯಾರ ಕೈಯಲ್ಲಿರಬೇಕು?

ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು. ಈ ಗಾದೆ ಕೇಳಿ ನಗದವರು ಯಾರು? ನಾನೂ ನಕ್ಕವಳೇ. ಅದರ ಮೊದಲರ್ಧವನ್ನು ನಿಜವೆಂದು ನಂಬಿ ನನ್ನ ಮನೆಯವರೇ ನನ್ನ ಮದುವೆ ಮಾಡಿದ ಮೇಲೆ ನಗು ನಿಂತಿತು.

ನಾನು ಬಳ್ಳಾರಿ ತಾಲ್ಲೂಕಿನ ಮೋಕದವಳು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಯಾರೂ ಇಲ್ಲದ ಕಡೆಯಿಂದ ದನಿಗಳು ಕೇಳತೊಡಗಿದವು. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಕೊನೆಗೆ ಡಾಕ್ಟರೊಬ್ಬರು ಸ್ಕಿಜೋಫ್ರೀನಿಯಾ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಪುಸ್ತಕದಲ್ಲಿ ಅದನ್ನು ಚಿತ್ತವಿಕಲತೆ ಎನ್ನುತ್ತಾರೆ, ಊರಲ್ಲಿ ಹುಚ್ಚು ಎನ್ನುತ್ತಾರೆ. ಮೂರು ತಿಂಗಳಲ್ಲಿ ದನಿಗಳು ತಗ್ಗಿದವು. ತಗ್ಗಿದ್ದೇ ತಡ, ಅಪ್ಪ ಗಂಡು ಹುಡುಕಿದ. "ಗುಳಿಗಿ ಇಲ್ಲೇ ಬಿಟ್ಟು ಹೋಗವ್ವ, ಅಲ್ಲಿ ಗೊತ್ತಾದ್ರ ಕೆಡ್ತೈತಿ" ಎಂದಳು ಅವ್ವ. ಆರು ತೊಲೆ ಬಂಗಾರ, ಎರಡು ಲಕ್ಷ ರೂಪಾಯಿ, ಒಂದು ಮೋಟಾರ್ ಸೈಕಲ್ಲು. ಇಷ್ಟೆಲ್ಲ ಕೊಟ್ಟವರು ನನಗೆ ನಿಜವಾಗಿ ಬೇಕಿದ್ದ ಗುಳಿಗೆಯನ್ನು ಮಾತ್ರ ಕೊಡಲಿಲ್ಲ.

ಐದನೇ ತಿಂಗಳಿಗೆ ದನಿಗಳು ಮರಳಿ ಬಂದವು. ಗುಟ್ಟು ಹೊರಬಿತ್ತು. "ಹುಚ್ಚೀನ್ನ ಗಂಟು ಹಾಕ್ಯಾರ, ಇನ್ನೆರಡು ಲಕ್ಷ ತರ್ಲಿ" ಎಂದರು ಗಂಡನ ಮನೆಯವರು. ಹೀಗೆ ನನ್ನ ಕಾಯಿಲೆಯೂ ವರದಕ್ಷಿಣೆಯ ಲೆಕ್ಕಕ್ಕೆ ಸೇರಿತು. ಹಣ ಬರದಾಗ ಹೊಡೆತ ಶುರುವಾಯಿತು.

ಅವರೂ ನನ್ನನ್ನು ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದರು. ಕುರ್ಚಿಯಲ್ಲಿ ಕೂತವನು ಗಂಡ, ಹಿಂದೆ ನಿಂತವಳು ನಾನು. "ಹೆಂಗದಾಳ?" ಎಂದು ಡಾಕ್ಟರು ಕೇಳಿದ್ದು ಅವನನ್ನು. "ಒದರತಾಳ ಸಾರ್, ಮನಿಯವರೆಲ್ಲ ಹೊಡಿತಾರಂತ ಹೇಳ್ಕೊಂಡು ತಿರುಗತಾಳ." "ಹೌದು, ಹೊಡಿತಾರ" ಎಂದೆ ನಾನು. ಡಾಕ್ಟರು ತಲೆಯೆತ್ತಲಿಲ್ಲ. ಚೀಟಿಯಲ್ಲಿ ಒಂದು ಗುಳಿಗೆ ಎರಡಾಯಿತು. ನಾನು ಒಲ್ಲೆನೆಂದಾಗ ಅತ್ತೆ ಅದನ್ನು ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು. ಅಂದಿನಿಂದ ನನಗೆ ಆ ಮನೆಯ ನೀರಿನ ಮೇಲೂ ನಂಬಿಕೆ ಹೋಯಿತು. ಅದನ್ನೂ ಕಾಯಿಲೆಯ ಲಕ್ಷಣವೆಂದೇ ಬರೆದುಕೊಂಡರು!

ಗೆಳತಿಯರೇ, ಇಲ್ಲಿ ನಮ್ಮ ಚಳವಳಿಯ ಜೊತೆಗೂ ನನ್ನದೊಂದು ಜಗಳವಿದೆ. ತವರಿಗೆ ಬಂದ ಮೇಲೆ ಮಹಿಳಾ ಸಂಘದ ಅಕ್ಕನೊಬ್ಬಳು, "ನಿನಗ ಏನೂ ಆಗಿಲ್ಲ, ಹೊಡೆತ ತಿಂದ್ರ ಯಾರಿಗಾದ್ರೂ ಹಂಗಾಗ್ತೈತಿ, ಗುಳಿಗಿ ಒಗಿ" ಎಂದಳು. ಪ್ರೀತಿಯಿಂದಲೇ ಹೇಳಿದಳು. ಆದರೆ ನನ್ನ ಮೈಮೇಲಿನ ಬಾಸುಂಡೆ ಎಷ್ಟು ನಿಜವೋ ನನ್ನ ಕಿವಿಯ ದನಿಯೂ ಅಷ್ಟೇ ನಿಜ. ಡಾಕ್ಟರು ದನಿಯನ್ನು ನಂಬಿ ಹೊಡೆತವನ್ನು ಬಿಟ್ಟರು. ಅಕ್ಕ ಹೊಡೆತವನ್ನು ನಂಬಿ ದನಿಯನ್ನು ಬಿಟ್ಟಳು. ಎರಡನ್ನೂ ಒಟ್ಟಿಗೆ ನಂಬುವವರು ನನಗೆ ಬೇಕಿದ್ದರು.

ಅಂಥವರು ಸಿಕ್ಕಿದ್ದು ತಡವಾಗಿ. ಆ ಡಾಕ್ಟರಮ್ಮ ಮೊದಲು ನನ್ನ ಅಪ್ಪನನ್ನು ಹೊರಗೆ ಕೂರಿಸಿದರು. "ಮುಟ್ಟು ಸರಿಯಾಗಿ ಆಗ್ತಿದೆಯಾ?" ಎಂದು ಕೇಳಿದರು. ಅದುವರೆಗೆ ಯಾರೂ ಕೇಳದ ಪ್ರಶ್ನೆ ಅದು. ಹತ್ತು ತಿಂಗಳಿಂದ ನಿಂತಿತ್ತು. ಅತ್ತೆ ನನ್ನನ್ನು ಬಂಜೆ ಎಂದು ಕರೆದದ್ದು ಅದಕ್ಕೇ. ನಾನು ತಿನ್ನುತ್ತಿದ್ದ ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸಬಲ್ಲದು, ಅದು ಏರಿದರೆ ಮುಟ್ಟು ನಿಲ್ಲಬಹುದು, ಬಸಿರಿಲ್ಲದೆಯೂ ಎದೆಯಲ್ಲಿ ಹಾಲು ಬರಬಹುದು ಎಂದು ವಿವರಿಸಿದರು. ರಕ್ತಪರೀಕ್ಷೆ ಮಾಡಿಸಿ, ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಾ ನಿಧಾನವಾಗಿ ಔಷಧ ಬದಲಿಸಿದರು. ಮುಟ್ಟು ಮರಳಿತು. ಹೊಸ ಗುಳಿಗೆಯಿಂದ ಹಸಿವೂ ತೂಕವೂ ಹೆಚ್ಚಿದವು. ಈಗ ಆಗಾಗ ಸಕ್ಕರೆ ಪರೀಕ್ಷೆ ಮಾಡಿಸುತ್ತೇನೆ. ಪ್ರತಿ ಔಷಧಕ್ಕೂ ಅದರದೇ ತೊಂದರೆ ಇದೆ. ಯಾವ ತೊಂದರೆಯನ್ನು ತಾಳಬಲ್ಲೆ ಎಂದು ಹೇಳಬೇಕಾದವಳು ನಾನಲ್ಲದೆ ಇನ್ಯಾರು?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಮ್ಮೆ ಗುಣವಾಯಿತೆಂದು ಯಾರಿಗೂ ಹೇಳದೆ ಗುಳಿಗೆ ಬಿಟ್ಟೆ. ಎರಡು ತಿಂಗಳೊಳಗೆ ನಡುರಾತ್ರಿ ಹಗರಿಯ ಮರಳಲ್ಲಿ ಒಬ್ಬಳೇ ಓಡುತ್ತಿದ್ದವಳನ್ನು ಅಣ್ಣ ಹಿಡಿದು ತಂದ. ಡಾಕ್ಟರಮ್ಮ ಬೈಯಲಿಲ್ಲ, ಯಾಕೆ ಬಿಟ್ಟೆ ಎಂದು ಕೇಳಿದರು. ಬೆಳಿಗ್ಗೆ ಏಳಲಾಗದೆ ಮೆಣಸಿನಕಾಯಿ ಬಿಡಿಸುವ ಕೂಲಿ ತಪ್ಪುತ್ತಿತ್ತು ಎಂದೆ. ಮಲಗುವಾಗಿನ ಗುಳಿಗೆ ಸಂಜೆಗೆ ಬಂತು. ಅಷ್ಟಕ್ಕೇ ಮುಗಿದುಹೋದ ಸಮಸ್ಯೆ ಅದು. ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಿದ್ದೆ, ದನಿ, ಮುಟ್ಟು, ಕೈನಡುಕ, ಮನೆಯ ಜಗಳ ಎಲ್ಲವನ್ನೂ ಬರೆದು ಪ್ರತಿ ಸಲ ಅವರ ಮೇಜಿನ ಮೇಲಿಡುತ್ತೇನೆ.

ಇದು ಯಾರ ದಯೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ನನ್ನ ಚಿಕಿತ್ಸೆ ಏನು, ಅದರ ಅಡ್ಡಪರಿಣಾಮ ಏನು ಎಂದು ತಿಳಿಯುವ ಹಕ್ಕನ್ನು ಅದು ನನಗೆ ಕೊಟ್ಟಿದೆ. ನನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು, ಸಹಿಯೋ ಹೆಬ್ಬೆಟ್ಟೋ ಒತ್ತಿ ನಾನೇ ನೇಮಿಸಬಹುದು. ಅವನು ಗಂಡನೇ ಆಗಬೇಕೆಂದಿಲ್ಲ. ನಾನು ಅಣ್ಣನ ಹೆಸರು ಬರೆದಿದ್ದೇನೆ.

"ಹುಚ್ಚಿಗೆ ಡೈವೋರ್ಸ್ ಸಲೀಸು" ಎಂದು ಹೆದರಿಸುವವರಿಗೂ ಉತ್ತರವಿದೆ. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯ ವಿಚ್ಛೇದನದ ಕಲಮಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೆಸರನ್ನೇ ಬರೆಯಿತು, ನಿಜ. ಆದರೆ ಬರೀ ಹೆಸರು ಸಾಲದು, ಕಾಯಿಲೆಯ ತೀವ್ರತೆಯನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. 2013ರಲ್ಲಿ, ಹೆಂಡತಿಗೆ ಸ್ಕಿಜೋಫ್ರೀನಿಯಾ ಎಂದು ವಿಚ್ಛೇದನ ಕೇಳಿದ ಆಂಧ್ರದ ಡಾಕ್ಟರೊಬ್ಬನಿಗೆ ಅದೇ ಕೋರ್ಟು ಇಲ್ಲವೆಂದಿತು. ಆ ಹೆಂಡತಿಯೂ ಸರಕಾರಿ ಕೆಲಸದಲ್ಲಿದ್ದ ಡಾಕ್ಟರೇ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಯೋಗಕ್ಕೆ ತಂದದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಊರ ಹತ್ತಿರವೇ ಗುಳಿಗೆ ಸಿಗುವಂತೆ ಮಾಡಿದರು. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹೋದದ್ದು ಈ ಬಳ್ಳಾರಿ ಮಾದರಿಯೇ. ದೇಶಕ್ಕೆ ದಾರಿ ತೋರಿದ ಜಿಲ್ಲೆಯ ಹೆಣ್ಣುಮಕ್ಕಳು ಗುಳಿಗೆಯನ್ನು ಸೆರಗಿನಲ್ಲಿ ಬಚ್ಚಿಟ್ಟು ನುಂಗಬೇಕೆ? ಗುಳಿಗೆ ಊರಿಗೆ ಬಂದರೆ ಸಾಲದು, ಹೆಣ್ಣಿನ ಕೈಗೆ ಬರಬೇಕು.

ಡಾಕ್ಟರುಗಳೇ, ಗಂಡನನ್ನು ಹತ್ತು ನಿಮಿಷ ಹೊರಗೆ ಕೂರಿಸಿ. ದನಿ ಕೇಳುತ್ತಿದೆಯೇ ಎಂದು ಕೇಳುವಾಗಲೇ ಮನೆಯಲ್ಲಿ ಹೊಡೆಯುತ್ತಾರೆಯೇ ಎಂದೂ ಕೇಳಿ. ತಂದೆತಾಯಂದಿರೇ, ಮದುವೆ ಔಷಧವಲ್ಲ. ಮುಚ್ಚಿಟ್ಟು ಮಾಡಿದ ಮದುವೆ ಮಗಳ ಕೊರಳಿಗೇ ಉರುಳಾಗುತ್ತದೆ. ಸಂಘದ ಅಕ್ಕಂದಿರೇ, ಪೊಲೀಸ್ ಠಾಣೆಗೆ ನಮ್ಮ ಜೊತೆ ಬಂದಂತೆ ಆಸ್ಪತ್ರೆಗೂ ಬನ್ನಿ. ನನ್ನಂಥ ತಂಗಿಯರೇ, ತಾನಾಗಿ ಗುಳಿಗೆ ಬಿಡಬೇಡಿ, ಬಾಯಿ ಮುಚ್ಚಿ ನುಂಗಲೂಬೇಡಿ. ಬಸಿರಿನ ಆಸೆಯಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಯಾರೂ ಜೊತೆಗಿಲ್ಲದ ರಾತ್ರಿ 14416ಕ್ಕೆ ಫೋನು ಮಾಡಿ, ಅದು ಸರಕಾರದ ಟೆಲಿ ಮಾನಸ್, ದುಡ್ಡಿಲ್ಲ.

ಮುಂದಿನ ಸಲ ಡಾಕ್ಟರ ಮುಂದಿನ ಆ ಕುರ್ಚಿಯಲ್ಲಿ ನೀವೇ ಕುಳಿತುಕೊಳ್ಳಿ.